ಜಠರದ ಆರಂಭಿಕ ಗೆಡ್ಡೆಗೆ ಇಎಸ್‌ಡಿ: ಮಂಪರು ಸಾಕೋ, ಪೂರ್ತಿ ಅರಿವಳಿಕೆಯೋ? (ಪ್ರಶ್ನೋತ್ತರ)

ಸದಸ್ಯೆ 1: ಮೇಡಂ, ತಂದೆಯವರಿಗೆ 68. ಜಠರದ ಮೇಲ್ಭಾಗದಲ್ಲಿ 3 ಸೆಂ.ಮೀ. ಗೆಡ್ಡೆ, ಆರಂಭದ ಹಂತ. ಎಂಡೋಸ್ಕೋಪಿಯಲ್ಲೇ ಬಿಡಿಸಿ ತೆಗೀತಾರಂತೆ (ಇಎಸ್‌ಡಿ), ಮಂಪರಿಗೆ ಮಿಡಜೋಲಮ್ ಸಾಕಂತೆ. ಬಿ.ಪಿ.ಗೆ ಮೆಟೊಪ್ರೊಲಾಲ್ ಇದೆ, ನಾಡಿ 54. ಗೊರಕೆ ಜೋರು, ನಡುನಡುವೆ ಉಸಿರು ನಿಂತ ಹಾಗಾಗುತ್ತೆ.

ಅರಿವಳಿಕೆ ವೈದ್ಯೆ: ಆ ಕೊನೆಯ ಮಾತನ್ನು ಅಲ್ಲಿ ಹೇಳಿದ್ದೀರಾ? ಇಲ್ಲದಿದ್ದರೆ ಇವತ್ತೇ ಹೇಳಿ. ಮಾಮೂಲಿ ಎಂಡೋಸ್ಕೋಪಿ ಹತ್ತು ನಿಮಿಷದ್ದು, ಅದಕ್ಕೆ 2 ಮಿ.ಗ್ರಾಂ. ಮಿಡಜೋಲಮ್ ನಡೆಯುತ್ತೆ. ಇದು ಒಂದೂವರೆ, ಎರಡು ಗಂಟೆ ಹಿಡಿಯಬಹುದು. ಗೆಡ್ಡೆಯಡಿ ದ್ರಾವಣ ಚುಚ್ಚಿ, ಪದರ ಉಬ್ಬಿಸಿ, ವಿದ್ಯುತ್ ಚಾಕುವಿನಿಂದ ಬಿಡಿಸುತ್ತಾ ಹೋಗುತ್ತಾರೆ. ಆಗ ಒಂದು ಕೆಮ್ಮು ಬಂದರೂ ಚಾಕು ಸ್ನಾಯುಪದರಕ್ಕಿಳಿದು ತೂತಾಗಬಹುದು. ಅಲುಗಾಡದಿರಲಿ ಅಂತ ಮಿಡಜೋಲಮ್ ಮೇಲೆ ಮಿಡಜೋಲಮ್ ಕೊಟ್ಟರೆ ಅದು ಮೈಯಲ್ಲಿ ಕೂಡುತ್ತಾ ಹೋಗಿ, ಇಂಥ ಗೊರಕೆಯವರಲ್ಲಿ ನಾಲಿಗೆ ಹಿಂದಕ್ಕೆ ಜಾರಿ ಉಸಿರುದಾರಿ ಮುಚ್ಚುತ್ತೆ. ಇನ್ನೊಂದು ಮಂಪರಿನ ಮದ್ದು ಪ್ರೊಪೊಫಾಲ್ ಬೇಗ ಹಿಡಿಯುತ್ತೆ, ಬೇಗ ಇಳಿಯುತ್ತೆ, ಆದರೆ ಹೆಚ್ಚಾದರೆ ಪ್ರತಿಮದ್ದಿಲ್ಲ. ಡೆಕ್ಸ್‌ಮೆಡೆಟೊಮಿಡಿನ್ ಎಂಬ ಮಂಪರಿನ ಮದ್ದು ಉಸಿರಾಟವನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ. ಮೊದಲ ಡೋಸ್ ಕಿಲೋಗೆ 1 ಮೈಕ್ರೋಗ್ರಾಂ, 10 ನಿಮಿಷ ಹಿಡಿದು. ನಾಡಿ ಇಳಿಸುವುದೇ ಅದರ ತೊಂದರೆ. 54ಕ್ಕೆ ಇಳಿದವರಿಗೆ ಕೊಡಲು ನನ್ನ ಕೈ ಏಳುವುದಿಲ್ಲ. ಸಾಲದ್ದಕ್ಕೆ ಮೇಲ್ಭಾಗದ ಗೆಡ್ಡೆ. ರಕ್ತ, ತೊಳೆದ ನೀರು ಗಂಟಲಿಗೇರಿ ಶ್ವಾಸಕೋಶಕ್ಕೆ ಇಳಿಯಬಹುದು. ಇವರಿಗೆ ಪೂರ್ತಿ ಅರಿವಳಿಕೆ ಕೊಟ್ಟು ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದೇ ಸರಿ ಅಂತ ನನ್ನ ಅಭಿಪ್ರಾಯ. ಅಲ್ಲಿನ ಅರಿವಳಿಕೆಯವರು ಮುಂಚಿತವಾಗಿ ನೋಡಲಿ.

ಸದಸ್ಯ 2: ಮಂಪರು ಕೊಟ್ಟ ಮೇಲೆ ಗಾಡಿ ಯಾವಾಗ ಓಡಿಸಬಹುದು?

ವೈದ್ಯೆ: 24 ಗಂಟೆ ಬೇಡ.

ಸದಸ್ಯ 3: ಫಾರ್ವರ್ಡ್ ಬಂದಿದೆ: ‘ಬೆಳಿಗ್ಗೆ ಜೇನು ಬೆರೆಸಿದ ಹಾಲು ಕುಡಿದರೆ ಮಂಪರಿನ ಮದ್ದು ಅರ್ಧ ಡೋಸ್ ಸಾಕು.’ ನಿಜವೇ?

ವೈದ್ಯೆ: ಹಾಲು ಉಪವಾಸದ ಲೆಕ್ಕದಲ್ಲಿ ಊಟವೇ, 6 ಗಂಟೆ ಬೇಕು. ಬರೀ ನೀರಿಗೆ 2 ಗಂಟೆ. ಮಂಪರಿನಲ್ಲಿ ಆ ಹಾಲು ವಾಂತಿಯಾಗಿ ಶ್ವಾಸಕೋಶ ಸೇರಿದರೆ ಫಾರ್ವರ್ಡ್ ಮಾಡಿದವರು ಬರುತ್ತಾರಾ? ಅಳಿಸಿ ಹಾಕಿ.

ಸದಸ್ಯ 4 (ಎಂಡೋಸ್ಕೋಪಿ ಟೆಕ್ನೀಷಿಯನ್): ಎಲ್ಲರಿಗೂ ಟ್ಯೂಬ್ ಅಂದರೆ ಅತಿಯಾಯಿತು. ಮಿಡಜೋಲಮ್ ಹೆಚ್ಚಾದರೆ ಅದರ ಪ್ರತಿಮದ್ದು ಫ್ಲೂಮಜೆನಿಲ್ ಇದೆಯಲ್ಲ.

ಸದಸ್ಯೆ 5 (ನರ್ಸ್): ‘ಎಲ್ಲರಿಗೂ’ ಅಂತ ಯಾರೂ ಹೇಳಿಲ್ಲ ಸರ್. ಫ್ಲೂಮಜೆನಿಲ್ ಮಿಡಜೋಲಮ್‌ಗಿಂತ ಬೇಗ ಇಳಿಯುತ್ತೆ. ವಾರ್ಡ್‌ಗೆ ಹೋದಮೇಲೆ ಮತ್ತೆ ಮಂಪರು ಏರಬಹುದು. ಜೊತೆಗೆ ನೋವಿಗೆ ಫೆಂಟನಿಲ್ ಕೊಟ್ಟಿದ್ದರೆ ಅದಕ್ಕೆ ಬೇರೆ ಪ್ರತಿಮದ್ದು, ನಲಾಕ್ಸೋನ್ ಬೇಕು.

ಸದಸ್ಯ 4: ಬೆರಳಿನ ಕ್ಲಿಪ್‌ನಲ್ಲಿ ಆಕ್ಸಿಜನ್ 98 ಇರುವಾಗ ಇಷ್ಟು ಗಾಬರಿ ಯಾಕೆ?

ಸದಸ್ಯೆ 5: ಮೂಗಿಗೆ ಆಕ್ಸಿಜನ್ ಹರಿಯುತ್ತಿದ್ದರೆ ಉಸಿರು ನಿಂತ ಮೇಲೂ ಸ್ವಲ್ಪ ಹೊತ್ತು 98 ಇರುತ್ತೆ! ಕ್ಯಾಪ್ನೋಗ್ರಾಫ್ (ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಯಂತ್ರ) ಗೆರೆ ಚಪ್ಪಟೆಯಾಗುವುದು ಮೊದಲು. ಇಷ್ಟೂ ಗೊತ್ತಿಲ್ವಾ?

ಸದಸ್ಯ 4: ಪಾಠ ಬೇಡ.

ವೈದ್ಯೆ: ಗೆರೆಯ ವಿಷಯದಲ್ಲಿ ಅವರು ಹೇಳಿದ್ದೇ ಸರಿ. ಜಗಳ ಬೇರೆ ಕಡೆ ಆಡಿ.

ಸದಸ್ಯ 6: ತೆಗೆದ ಮೇಲೆ ಗೆಡ್ಡೆ ಮತ್ತೆ ಬರುತ್ತಾ?

ಸದಸ್ಯ 7: ಗಾಡಿ ಓಡಿಸಬಹುದಾ ಮೇಡಂ?

ವೈದ್ಯೆ: ಮೇಲೆ ಓದಿ.

ಸದಸ್ಯೆ 1: ಅಲ್ಲಿ ಹೇಳಿದೆ ಮೇಡಂ, ನಾಳೆ ಅರಿವಳಿಕೆಯವರು ನೋಡ್ತಾರೆ. ಆ ದಿನ ಮೆಟೊಪ್ರೊಲಾಲ್ ಬಿಡಬೇಕಾ?

ವೈದ್ಯೆ: ನೀವಾಗಿ ಬಿಡಬೇಡಿ. ನಾಳೆ ನಾಡಿ ನೋಡಿ ಅವರೇ ಹೇಳಲಿ. ತಗೊಳ್ಳಿ ಅಂದರೆ ಒಂದು ಗುಟುಕು ನೀರಲ್ಲಿ, ಹಾಲಲ್ಲಲ್ಲ.