ನಮ್ಮ ಜಿಲ್ಲೆಯ ಶಾಲೆ ಲೆಕ್ಕ ಯಾಕೆ ತಾಳೆಯಾಗುವುದಿಲ್ಲ?

ಪ್ರಶ್ನೆ (ಉತ್ತರ ಕನ್ನಡದ ಸಿದ್ದಾಪುರ ಕಡೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ):
ಮಾಸ್ತರ್ರಿಗೆ ನಮಸ್ಕಾರ. ನೀವು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಶಾಲೆಗಳ ಅಂಕಿಸಂಖ್ಯೆ ನೋಡಿಕೊಂಡವರು ಅಂತ ಗುಂಪಿನವರು ಹೇಳಿದರು. ನಮ್ಮೂರ ಕನ್ನಡ ಶಾಲೆಗೆ ನೂರು ವರ್ಷ ತುಂಬುತ್ತಿದೆ. ಸ್ಮರಣ ಸಂಚಿಕೆಗೆ ‘ಅಂದು, ಇಂದು’ ಅಂತ ಎರಡು ಪುಟ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಹುಡುಕಿದರೆ ಒಂದೊಂದು ಕಡೆ ಒಂದೊಂದು ಅಂಕಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ‘ಉತ್ತರ ಕನ್ನಡ’ ಶೇ. 86.54 ಅಂತ ಒಂದು ಕಡೆ ಇದೆ. ನಮ್ಮ ಜಿಲ್ಲೆಗೆ ಶೇ. 84.64 ಅಂತ ಇನ್ನೊಂದು ಕಡೆ. ಯಾವುದು ಸರಿ?

ಇನ್ನೂ ಒಂದು. ನಮ್ಮ ಶಾಲೆಯಲ್ಲಿ ಒಂದರಿಂದ ಐದನೇ ಕ್ಲಾಸಿನವರೆಗೆ ಒಟ್ಟು 9 ಮಕ್ಕಳು, ಒಬ್ಬರೇ ಅಕ್ಕೋರು (ಶಿಕ್ಷಕಿ). ಮೊನ್ನೆ ಸಭೆಗೆ ಬಂದವರೊಬ್ಬರು ‘ನಿಮ್ಮಲ್ಲಿ ಶಿಕ್ಷಕರ ಅನುಪಾತ ಭಾಳ ಚಲೋ ಇದೆ’ ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಉತ್ತರ:
ಎರಡೂ ಸರಿ ತಂಗಿ. ಮೊದಲು ಎಸ್ಸೆಸ್ಸೆಲ್ಸಿ ಗಂಟು ಬಿಡಿಸೋಣ.

ರಾಜ್ಯದಲ್ಲಿ ಕಂದಾಯ ಜಿಲ್ಲೆ 31, ಶೈಕ್ಷಣಿಕ ಜಿಲ್ಲೆ 35. ನಮ್ಮ ಒಂದು ಜಿಲ್ಲೆಯೊಳಗೆ ಎರಡು ಶೈಕ್ಷಣಿಕ ಜಿಲ್ಲೆ ಇವೆ. ಘಟ್ಟದ ಕೆಳಗಿನ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಒಂದು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು). ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಮೇಲಿನದನ್ನು ‘ಶಿರಸಿ’ ಅಂತ ಬರೆಯುತ್ತಾರೆ, ಕೆಳಗಿನದನ್ನು ಬರೀ ‘ಉತ್ತರ ಕನ್ನಡ’ ಅಂತ. ಗೊಂದಲ ಹುಟ್ಟುವುದೇ ಇಲ್ಲಿ. 86.54 ಅಂದರೆ ಕರಾವಳಿಯ ಐದು ತಾಲ್ಲೂಕು. ಆ ವರ್ಷ ಅದಕ್ಕೆ ಐದನೇ ಸ್ಥಾನ. 84.64 ನಮ್ಮದು, ಎಂಟನೆಯದು. ಇಡೀ ರಾಜ್ಯದ್ದು ಶೇ. 73.40. ಇವೆರಡನ್ನು ಕೂಡಿಸಿ ಎರಡರಿಂದ ಭಾಗಿಸಿ ‘ಜಿಲ್ಲೆಯ ಸರಾಸರಿ’ ಅಂತ ಮಾತ್ರ ಬರೆಯಬೇಡಿ. ಎರಡು ಕಡೆ ಪರೀಕ್ಷೆಗೆ ಕೂತವರ ಸಂಖ್ಯೆ ಒಂದೇ ಅಲ್ಲವಲ್ಲ.

ಹಿಂದಿನ ವರ್ಷದ ಜೊತೆ ಹೋಲಿಸುವಾಗಲೂ ಹುಷಾರು. 2023ರಲ್ಲಿ ರಾಜ್ಯದ ಫಲಿತಾಂಶ 83.89 ಇತ್ತು. ಒಂದೇ ವರ್ಷದಲ್ಲಿ ಹತ್ತು ಶೇಕಡಾಂಶ ಬಿತ್ತು ಅಂದರೆ ಮಕ್ಕಳು ಒಮ್ಮೆಲೇ ದಡ್ಡರಾದರು ಅಂತಲ್ಲ. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕವನ್ನೂ ಜಾಸ್ತಿ ಮಾಡಿದರು. ಆದರೂ ಇಷ್ಟೇ ಆಯಿತು. ಅಳತೆಗೋಲೇ ಬದಲಾದಾಗ ಉದ್ದ ಬದಲಾಗಿದ್ದಕ್ಕೆ ಯಾರನ್ನು ಬೈಯುವುದು?

ಇನ್ನು ನಿಮ್ಮ ‘ಭಾಳ ಚಲೋ’ ಅನುಪಾತ, ಅಂದರೆ ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಅನ್ನುವ ಲೆಕ್ಕ. ಇದರ ಬಗ್ಗೆ ನನಗೂ ಹಳೇ ಸಿಟ್ಟಿದೆ.

ಒಂದು ಲೆಕ್ಕ ಹಾಕಿ, ಸುಮ್ನೆ ಉದಾಹರಣೆಗೆ. ನಿಮ್ಮಂಥ ಹತ್ತು ಶಾಲೆ, ಒಂದೊಂದರಲ್ಲಿ 9 ಮಕ್ಕಳು, ಒಬ್ಬೊಬ್ಬ ಶಿಕ್ಷಕರು. ಅಲ್ಲಿಗೆ 90 ಮಕ್ಕಳು, 10 ಜನ. ಪೇಟೆಯ ಒಂದು ಶಾಲೆಯಲ್ಲಿ 270 ಮಕ್ಕಳು, 6 ಜನ. ಎಲ್ಲ ಕೂಡಿಸಿದರೆ 360 ಮಕ್ಕಳಿಗೆ 16 ಶಿಕ್ಷಕರು, ಒಬ್ಬರಿಗೆ ಸುಮಾರು 22. ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಪ್ರಾಥಮಿಕಕ್ಕೆ ಹೇಳುವ 30ರ ಒಳಗೇ ಬಂತು! ಆದರೆ ಆ ಹನ್ನೊಂದು ಶಾಲೆಗಳಲ್ಲಿ 22 ಮಕ್ಕಳ ತರಗತಿ ಎಲ್ಲಿದೆ ತೋರಿಸಿ ನೋಡೋಣ. ಪೇಟೆಯಲ್ಲಿ 45 ಮಕ್ಕಳು ಒತ್ತಾಗಿ ಕೂತಿದ್ದಾರೆ. ಹಳ್ಳಿಯಲ್ಲಿ ಒಬ್ಬರೇ ಅಕ್ಕೋರು ಐದು ಕ್ಲಾಸಿಗೆ ಪಾಠ ಹೇಳಿ, ಬಿಸಿಯೂಟದ ಅಕ್ಕಿ ತೂಗಿ, ಮೀಟಿಂಗಿಗೂ ಓಡಬೇಕು. ಅವರಿಗೆ ಜ್ವರ ಬಂದ ದಿನ ಶಾಲೆಗೇ ಜ್ವರ.

ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. 2009ರಲ್ಲಿ ಪಾಸಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಒಂದರಿಂದ ಐದರವರೆಗೆ 60 ಮಕ್ಕಳ ತನಕ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4 ಅಂತಿದೆ. ಅಂದರೆ ಮಕ್ಕಳು ಎಷ್ಟೇ ಕಡಿಮೆ ಇರಲಿ, ಲೆಕ್ಕ ಶುರುವಾಗುವುದೇ ಎರಡರಿಂದ. ಹಾಗಿದ್ದರೂ 2024-25ರ ಯು-ಡೈಸ್ (ಕೇಂದ್ರ ಸರ್ಕಾರದ ಶಾಲಾ ಮಾಹಿತಿ ಸಂಗ್ರಹ) ಪ್ರಕಾರ ದೇಶದಲ್ಲಿ ಏಕೋಪಾಧ್ಯಾಯ ಶಾಲೆ 1,04,125. ಕರ್ನಾಟಕದಲ್ಲೇ 7,349. ಮುಂದಿನ ಸಭೆಯಲ್ಲಿ ಅನುಪಾತದ ಮಾತು ಬಂದರೆ ನೀವು ಈ ಅಂಕಿ ಹೇಳಿ.

ನಮ್ಮಲ್ಲಿ ಇಂಥ ಶಾಲೆ ಜಾಸ್ತಿ ಇರುವುದು ಯಾರದೋ ಸೋಮಾರಿತನದಿಂದ ಅಲ್ಲ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಚದರ ಕಿಲೋಮೀಟರಿಗೆ 319 ಜನ, ನಮ್ಮ ಜಿಲ್ಲೆಯಲ್ಲಿ 140. ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನ ಒಳಗಿರಬೇಕು ಅನ್ನುವುದು ನಿಯಮ. ತೋಟಕ್ಕೊಂದು ಮನೆ, ನಡುವೆ ಹಳ್ಳ, ಮಳೆಗಾಲದಲ್ಲಿ ಸಂಕ (ಕಾಲುಸೇತುವೆ) ದಾಟಬೇಕು. ನಕ್ಷೆಯ ಮೇಲಿನ ಒಂದು ಕಿಲೋಮೀಟರು ಜುಲೈ ತಿಂಗಳಲ್ಲಿ ಮೂರಾಗುತ್ತದೆ. ಇಲ್ಲಿ ಶಾಲೆ ಸಣ್ಣದಾಗಿಯೇ ಇರಬೇಕು. ಸಣ್ಣ ಶಾಲೆ ನಡೆಸಲು ದುಡ್ಡು ಜಾಸ್ತಿ ಬೇಕು ಅನ್ನುವುದನ್ನು ಒಪ್ಪಿಕೊಳ್ಳದೆ ಬರೀ ತಲೆ ಎಣಿಸಿದರೆ, ಮೊದಲು ಬೀಗ ಬೀಳುವುದು ಘಟ್ಟದ ಶಾಲೆಗಳಿಗೇ. ಇದು ನನ್ನ ಅಭಿಪ್ರಾಯ, ಇಲಾಖೆಯದ್ದಲ್ಲ.

(ಒಂದರಿಂದ ಮೂರನೇ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿ-ಕಲಿಯನ್ನು ಕೆಲವರು ಬೈಯುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಒಂಟಿ ಶಿಕ್ಷಕರ ಶಾಲೆಗೆ ಅದಿಲ್ಲದಿದ್ದರೆ ಬಹಳ ಕಷ್ಟವಿತ್ತು.)

ಹೊನ್ನಾವರದಿಂದ ಒಬ್ಬರು:
ಸರ್, ನಡುವೆ ಬಾಯಿ ಹಾಕುತ್ತೇನೆ. ದಾಖಲಾತಿ ಪ್ರಮಾಣ ಶೇ. 104 ಅಂತೆಲ್ಲ ಬರೆಯುತ್ತಾರಲ್ಲ, ನೂರಕ್ಕಿಂತ ಹೆಚ್ಚು ಹೇಗೆ? ಇಲ್ಲದ ಮಕ್ಕಳನ್ನು ಸೇರಿಸುತ್ತಾರಾ?

ಉತ್ತರ:
ಅಷ್ಟು ದೂರ ಹೋಗಬೇಕಿಲ್ಲ. ಅದು ‘ಒಟ್ಟು’ ದಾಖಲಾತಿ. ಭಾಗಿಸುವಾಗ ಮೇಲೆ ಬರುವುದು ಆ ಹಂತದಲ್ಲಿ ಓದುತ್ತಿರುವ ಎಲ್ಲ ಮಕ್ಕಳು, ವಯಸ್ಸು ಎಷ್ಟೇ ಇರಲಿ. ಕೆಳಗೆ ಬರುವುದು ಆ ವಯಸ್ಸಿನ ಮಕ್ಕಳು ಮಾತ್ರ. ತಡವಾಗಿ ಸೇರಿದವರು, ಬೇಗ ಸೇರಿದವರು ಮೇಲಿನ ಸಂಖ್ಯೆಯನ್ನು ಉಬ್ಬಿಸುತ್ತಾರೆ. ಸರಿಯಾದ ವಯಸ್ಸಿನವರನ್ನಷ್ಟೇ ಎಣಿಸುವ ‘ನಿವ್ವಳ’ ದಾಖಲಾತಿ ನೂರು ದಾಟಬಾರದು.

ಇನ್ನೊಂದು ಕಾರಣ ಇದೆ. 2011ರ ನಂತರ ಜನಗಣತಿ ಆಗದೆ ಇಷ್ಟು ವರ್ಷ ಕಳೆಯಿತು. ಹಾಗಾಗಿ ಕೆಳಗಿನ ಸಂಖ್ಯೆ ಹಳೇ ಗಣತಿಯಿಂದ ಹಾಕಿದ ಅಂದಾಜು. ಸುತ್ತಲಿನ ಮಕ್ಕಳು ಬಂದು ಹಾಸ್ಟೆಲಿನಲ್ಲಿ ಓದುವ ಪೇಟೆಗೆ ಪ್ರಮಾಣ ಏರುತ್ತದೆ, ಮಕ್ಕಳನ್ನು ಕಳಿಸಿಕೊಟ್ಟ ತಾಲ್ಲೂಕಿಗೆ ಇಳಿಯುತ್ತದೆ. ಅಲ್ಲಿಯ ಮಕ್ಕಳು ಶಾಲೆ ಬಿಟ್ಟಿದ್ದಾರೆ ಅಂತ ಅರ್ಥವಲ್ಲ.

ಕಾರವಾರದ ಮಾಜಾಳಿ ಕಡೆಯ ಒಬ್ಬ ತಾಯಿ:
ನಮ್ಮ ಪಕ್ಕದ ಮನೆಯವರು ಕೆಲಸಕ್ಕೆ ಗೋವಾಕ್ಕೆ ಹೋದರು. ಮಗ ಅಲ್ಲೇ ಶಾಲೆಗೆ ಹೋಗುತ್ತಾನೆ. ಇಲ್ಲಿ ಮಾತ್ರ ‘ಶಾಲೆ ಬಿಟ್ಟ ಮಗು’ ಅಂತ ಹುಡುಕಿಕೊಂಡು ಬಂದಿದ್ದರು! ಇದೆಂಥದು ಮಾರಾಯ್ರೇ?

ಉತ್ತರ:
ಟಿಸಿ (ವರ್ಗಾವಣೆ ಪತ್ರ) ಒಯ್ದಿರಲಿಕ್ಕಿಲ್ಲ. ಮೊದಲೆಲ್ಲ ಶಾಲೆಯವರು ‘ನಮ್ಮಲ್ಲಿ ಇಷ್ಟು ಮಕ್ಕಳು’ ಅಂತ ಒಟ್ಟು ಸಂಖ್ಯೆ ಬರೆದು ಕಳಿಸುತ್ತಿದ್ದರು. 2022-23ರಿಂದ ಯು-ಡೈಸ್‌ನಲ್ಲಿ ಒಂದೊಂದು ಮಗುವನ್ನೂ ಹೆಸರು ಹಿಡಿದು ದಾಖಲಿಸಬೇಕು. ಮಗು ಇಲ್ಲಿಂದ ಹೋಯಿತು ಅಂದರೆ ಹೆಸರು ‘ಡ್ರಾಪ್ ಬಾಕ್ಸ್’ನಲ್ಲಿ ಕೂರುತ್ತದೆ. ಹೊಸ ಶಾಲೆ ಅಲ್ಲಿಂದ ಎತ್ತಿಕೊಳ್ಳುವವರೆಗೆ ಅದು ಎಲ್ಲಿಯೂ ಓದದ ಮಗು. ಗೋವಾದ ಶಾಲೆಗೆ ಹಳೇ ಶಾಲೆಯ ಹೆಸರು, ಮಗುವಿನ ಪೆನ್ ನಂಬರ್ (ಯು-ಡೈಸ್ ಕೊಡುವ ಶಾಶ್ವತ ವಿದ್ಯಾರ್ಥಿ ಸಂಖ್ಯೆ) ಕೊಡಲು ಹೇಳಿ, ಸರಿಹೋಗುತ್ತದೆ. ನಮ್ಮ ಸ್ಯಾಟ್ಸ್ ನಂಬರ್ (ರಾಜ್ಯದ ವಿದ್ಯಾರ್ಥಿ ಸಂಖ್ಯೆ) ಕರ್ನಾಟಕದ ಒಳಗಿನದು, ಅಲ್ಲಿ ನಡೆಯದು.

ದೇಶದಲ್ಲಿ ಶಾಲಾ ಮಕ್ಕಳು ಒಮ್ಮೆಲೇ ಕಡಿಮೆಯಾದರು ಅಂತ ಸುದ್ದಿ ಓಡಾಡುತ್ತದಲ್ಲ, ಅದರಲ್ಲಿ ಈ ಬದಲಾವಣೆಯ ಪಾಲೂ ಇದೆ. ಹೆಸರು ಹಿಡಿದು ಎಣಿಸಿದಾಗ ಎರಡು ಕಡೆ ಇದ್ದವರು ಒಂದಾದರು. 2024-25ರ 24.69 ಕೋಟಿಯನ್ನು 2021-22ರ ಪಕ್ಕದಲ್ಲಿ ಇಟ್ಟು ಗೆರೆ ಎಳೆಯಬಾರದು.

ಸಣ್ಣ ಶಾಲೆಗೆ ಶೇಕಡಾವಾರು ಲೆಕ್ಕವೂ ಬೇಡ. 9 ಮಕ್ಕಳಲ್ಲಿ ಒಬ್ಬ ಹೋದರೆ ಶೇ. 11 ಅಂತ ಬರುತ್ತದೆ, ಓದಿದವರು ಹೆದರುತ್ತಾರೆ. ಒಬ್ಬ ಹೋದ ಅಂತಲೇ ಬರೆಯಿರಿ.

ಸಿದ್ದಾಪುರದ ಸದಸ್ಯೆ ಮತ್ತೆ:
ಮಾಸ್ತರ್ರೇ, ಹಾಗಾದರೆ ನಾನು ಎಲ್ಲಿಂದ ಅಂಕಿ ತೆಗೆದುಕೊಳ್ಳಲಿ? ‘ಅಂದು’ ಭಾಗಕ್ಕೂ ಏನಾದರೂ ಹೇಳಿ.

ಉತ್ತರ:
‘ಇಂದು’ ಸುಲಭ. ಶಾಲೆಯ ಗೋಡೆ ಮೇಲೆ 29ರಿಂದ ಶುರುವಾಗುವ 11 ಅಂಕಿಯ ಯು-ಡೈಸ್ ಕೋಡ್ ಬರೆದಿರುತ್ತಾರೆ. 29 ಅಂದರೆ ಕರ್ನಾಟಕ, ಮುಂದಿನವು ಜಿಲ್ಲೆ, ಬ್ಲಾಕ್, ಊರು, ಶಾಲೆ. ಯು-ಡೈಸ್ ತಾಣದಲ್ಲಿ ಆ ಕೋಡ್ ಹಾಕಿದರೆ ನಿಮ್ಮ ಶಾಲೆಯ ವರದಿ ಬರುತ್ತದೆ. ಒಂದೇ ಕಂಪೌಂಡಿನಲ್ಲಿ ಕನ್ನಡ ಶಾಲೆ, ಉರ್ದು ಶಾಲೆ ಎರಡೂ ಇದ್ದರೆ ಕೋಡ್ ಎರಡು, ಲೆಕ್ಕವೂ ಎರಡು. ಬಿಸಿಯೂಟದ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಅದು ಆ ದಿನ ಉಂಡ ಮಕ್ಕಳದ್ದು, ದಾಖಲಾದವರದ್ದಲ್ಲ.

‘ಅಂದು’ ಭಾಗಕ್ಕೆ ಯಾವ ತಾಣವೂ ಬೇಡ, ಬೀರು ತೆಗೆಸಿ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಆ ಕಾಲದ ಜನರಲ್ ರಜಿಸ್ಟರ್ ಇದ್ದರೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಮಗು ಯಾವ ತಾರೀಕಿಗೆ ಸೇರಿತು, ಯಾವಾಗ ಬಿಟ್ಟಿತು, ಯಾಕೆ ಬಿಟ್ಟಿತು, ಎಲ್ಲ ಅದರಲ್ಲಿ ಇರುತ್ತದೆ. ಹೆಣ್ಣುಮಕ್ಕಳ ಹೆಸರು ಎಷ್ಟನೇ ಪುಟದಿಂದ ಹೆಚ್ಚಾಗುತ್ತದೆ ಎಣಿಸಿ. ಮುಲ್ಕಿವರೆಗೆ (ಆಗಿನ ಏಳನೇ ಕ್ಲಾಸಿನ ಪರೀಕ್ಷೆ) ಓದಿದವರು ಎಷ್ಟು ಜನ ನೋಡಿ. ನಿಮ್ಮ ಎರಡು ಪುಟ ಅಲ್ಲೇ ತುಂಬುತ್ತದೆ.

ಸಿದ್ದಾಪುರದ ಸದಸ್ಯೆ (ಮರುದಿನ):
ಕೋಡ್ ಹಾಕಿ ನೋಡಿದೆ. 9 ಅಲ್ಲ, 10 ಮಕ್ಕಳು ಅಂತ ತೋರಿಸುತ್ತಿದೆ!

ಉತ್ತರ:
ಅದು ಹಿಂದಿನ ವರ್ಷದ ವರದಿ ಇರಬೇಕು. ಆ ಹತ್ತನೆಯ ಮಗು ಯಾರು ಅಂತ ಅಕ್ಕೋರನ್ನು ಕೇಳಿ.

ಸಿದ್ದಾಪುರದ ಸದಸ್ಯೆ:
ಕೇಳಿದೆ. ಜೂನ್‌ನಲ್ಲಿ ಅಜ್ಜನ ಮನೆಗೆ ಅಂತ ಶಿರಸಿಗೆ ಹೋದ ಹುಡುಗಿ. ಅಲ್ಲೇ ಶಾಲೆಗೆ ಸೇರಿದ್ದಾಳಂತೆ.

ಉತ್ತರ:
ಹಾಗಾದರೆ 9 ಅಂತಲೇ ಬರೆಯಿರಿ. ಪಕ್ಕದಲ್ಲಿ ಯಾವ ತಾರೀಕಿನ ಲೆಕ್ಕ ಅಂತ ಹಾಕಿ. ಸಂಚಿಕೆ ಬಂದ ಮೇಲೆ ನನಗೊಂದು ಪ್ರತಿ ಇಡಿ.