ಗಲ್ಫ್ ಸ್ಟ್ರೀಮ್ ಅಡಿಯಿಂದ ಆಳದ ತಣ್ಣೀರು ದಾಟುವುದು ಹೇಗೆ?

ಶುಂಠಿಕಾಫಿ:
ಉತ್ತರ ಅಟ್ಲಾಂಟಿಕ್ ಪ್ರವಾಹಗಳ ನಕ್ಷೆ ನೋಡುತ್ತಿದ್ದೆ. ಅಮೆರಿಕದ ಪೂರ್ವ ಕರಾವಳಿಗುಂಟ ಮೇಲ್ಗಡೆ ಗಲ್ಫ್ ಸ್ಟ್ರೀಮ್ ಅನ್ನೋ ಬೆಚ್ಚಗಿನ ಪ್ರವಾಹ ಉತ್ತರಕ್ಕೆ ಓಡುತ್ತದೆ. ಆಳದಲ್ಲಿ ಕೆನಡಾದ ಲ್ಯಾಬ್ರಡಾರ್ ಕಡೆಯ ತಣ್ಣೀರು ದಕ್ಷಿಣಕ್ಕೆ ಬರುತ್ತದೆ. ಉತ್ತರ ಕ್ಯಾರೊಲಿನಾದ ಕೇಪ್ ಹ್ಯಾಟೆರಸ್ ಭೂಶಿರದ ಹತ್ತಿರ ಎರಡೂ ಅಡ್ಡ ಹಾಯುತ್ತವೆ. ಅಲ್ಲಿ ಒಂದಕ್ಕೆ ಇನ್ನೊಂದರಿಂದ ಏನೂ ಆಗಲ್ವಾ? ಇನ್ನೊಂದು ಡೌಟು. ತಣ್ಣೀರು ಭಾರ, ನೆಲ ಬೇರೆ ಇಳಿಜಾರು. ಸೀದಾ ಕೆಳಗೆ ಜಾರುವುದು ಬಿಟ್ಟು ಇಳಿಜಾರಿನ ಉದ್ದಕ್ಕೂ ಸಾವಿರಾರು ಕಿಲೋಮೀಟರ್ ಯಾಕೆ ಹೋಗುತ್ತದೆ?

ಗಾಳಿಪಟ_೨:
ಎರಡನೆಯದು ಮೊದಲು. ಜಾರಲು ಶುರು ಮಾಡುತ್ತದೆ, ಆದರೆ ಭೂಮಿ ತಿರುಗುತ್ತಿದೆಯಲ್ಲ, ಉತ್ತರಾರ್ಧದಲ್ಲಿ ಚಲಿಸುವ ನೀರು ಬಲಕ್ಕೆ ತಿರುಗುತ್ತದೆ, ತಿರುಗಿ ತಿರುಗಿ ಕೊನೆಗೆ ಇಳಿಜಾರಿಗೆ ಅಡ್ಡಲಾಗಿ ಹರಿಯತೊಡಗುತ್ತದೆ. ದಕ್ಷಿಣಕ್ಕೆ ಹೋಗುವ ನೀರಿನ ಬಲಗಡೆ ಕರಾವಳಿ. ಭಾರ ಕೆಳಕ್ಕೆ ಎಳೆಯುತ್ತದೆ, ಹೀಗೆ ಬಲಕ್ಕೆ ತಿರುಗಿಸುವ ಕೊರಿಯಾಲಿಸ್ ಪರಿಣಾಮ ಮೇಲಕ್ಕೆ ತಳ್ಳುತ್ತದೆ. ಅಲ್ಲಿಗೆ ಸರಿಹೋಯಿತು.

ಮರಳುದಿಣ್ಣೆ:
ಮೊದಲನೇ ಪ್ರಶ್ನೆಯೇ ನಿಜಕ್ಕೂ ಮಜಾ ಇರೋದು. ಆಳದ ನೀರಿನ ಪದರಕ್ಕೆ ನೆಲ ಮಾತ್ರ ಅಲ್ಲ, ಛಾವಣಿಯೂ ಇದೆ ಅಂದುಕೊಳ್ಳಿ. ಮೇಲಿನ ಬೆಚ್ಚಗಿನ ನೀರಿನ ತಳವೇ ಆ ಛಾವಣಿ. ಪದರ ದಪ್ಪವಾದರೆ ಅಥವಾ ತೆಳುವಾದರೆ ಆ ನೀರಿನ ಸುತ್ತುವಿಕೆ ಬದಲಾಗಬೇಕು, ಅದು ಸುಲಭಕ್ಕೆ ಆಗುವುದಿಲ್ಲ. ಹಾಗಾಗಿ ನೀರು ತನ್ನ ದಪ್ಪ ಉಳಿಸಿಕೊಳ್ಳುವ ದಾರಿ ಹುಡುಕುತ್ತದೆ.

ಈಗ ಗಲ್ಫ್ ಸ್ಟ್ರೀಮ್ ನೋಡಿ. ಅದರ ಕರಾವಳಿ ಬದಿಯಲ್ಲಿ 10 ಡಿಗ್ರಿ ನೀರು ಸುಮಾರು 200 ಮೀಟರ್ ಆಳದಲ್ಲೇ ಸಿಗುತ್ತದೆ. ಸುಮಾರು 100 ಕಿ.ಮೀ. ಆಚೆ, ತೆರೆದ ಸಾಗರದ ಸರ್ಗಾಸೊ ಸಮುದ್ರದ ಬದಿಯಲ್ಲಿ, ಅದೇ ನೀರು ಬೇಕೆಂದರೆ 800 ಮೀಟರ್ ಆಸುಪಾಸು ಇಳಿಯಬೇಕು. ಅಂದರೆ ದಾಟುವಾಗ ಛಾವಣಿ ನೂರಾರು ಮೀಟರ್ ಕುಸಿಯುತ್ತದೆ. ದಪ್ಪ ಉಳಿಯಬೇಕಾದರೆ ನೆಲವೂ ಅಷ್ಟೇ ಕೆಳಗಿರಬೇಕು. ಅದಕ್ಕೇ ಆಳದ ಪ್ರವಾಹ ದಾಟುತ್ತಾ ದಾಟುತ್ತಾ ಇಳಿಜಾರಿನಲ್ಲಿ ಕೆಳಗೆ ಸರಿಯುತ್ತದೆ. ಸಾಗರ ವಿಜ್ಞಾನಿಗಳಾದ ಹಾಗ್ ಮತ್ತು ಸ್ಟೊಮೆಲ್ 1985ರಲ್ಲಿ ಕೊಟ್ಟ ವಿವರಣೆ ಇದು. ನನಗಂತೂ ಇಷ್ಟು ಚಿಕ್ಕ ಲೆಕ್ಕದಲ್ಲಿ ಇಷ್ಟು ದೊಡ್ಡ ವಿಷಯ ಸಿಕ್ಕಿದ್ದೇ ಆಶ್ಚರ್ಯ.

ಬೆಳ್ಳಕ್ಕಿ:
ಹಾಗಂತ ಬಂದ ನೀರೆಲ್ಲ ಶಿಸ್ತಾಗಿ ದಾಟಿಬಿಡುತ್ತದೆ ಅಂದುಕೊಳ್ಳಬೇಡಿ. ಆಳದ ಪ್ರವಾಹದ ಮೇಲಿನ ಭಾಗದ ಬಹುಪಾಲನ್ನು ಗಲ್ಫ್ ಸ್ಟ್ರೀಮ್ ತನ್ನ ಜೊತೆ ಪೂರ್ವಕ್ಕೆ ಎಳೆದುಕೊಂಡು ಹೋಗುತ್ತದೆ, ತೀರ ಕೆಳಗಿನ ನೀರು ಮಾತ್ರ ಚೆನ್ನಾಗಿ ದಾಟುತ್ತದೆ. ಲ್ಯಾಬ್ರಡಾರ್ ಸಮುದ್ರದ ದಕ್ಷಿಣಕ್ಕೆ 2003ರಿಂದ 700 ಮತ್ತು 1500 ಮೀಟರ್ ಆಳಕ್ಕೆ ಫ್ಲೋಟ್‌ಗಳನ್ನು, ಅಂದರೆ ನೀರಿನ ಜೊತೆ ತೇಲಿ ಹೋಗುವ ಸಾಧನಗಳನ್ನು, ಬಿಟ್ಟಿದ್ದರು. 2009ರಲ್ಲಿ ಫಲಿತಾಂಶ ಬಂದಾಗ, ಇಳಿಜಾರಿಗೆ ಅಂಟಿಕೊಂಡೇ ದಕ್ಷಿಣಕ್ಕೆ ಹೋದವು ಹತ್ತಕ್ಕೆ ಒಂದೂ ಇರಲಿಲ್ಲ. ಉಳಿದವು ಸಾಗರದ ಒಳಗೆ ಚದುರಿದ್ದವು. ಶಾಲೆ ಪುಸ್ತಕದ ಆ ಚಂದದ ರಿಬ್ಬನ್ ಚಿತ್ರವನ್ನು ಪೂರ್ತಿ ನಂಬಬೇಡಿ.

ಶುಂಠಿಕಾಫಿ:
ಓಹೋ! ಅಷ್ಟು ಆಳದ ಪ್ರವಾಹ ಇದೆ ಅಂತ ಮೊದಲು ಗೊತ್ತಾಗಿದ್ದು ಹೇಗೆ? ಮತ್ತೆ ಕೆಳಗಿನದು ಮೇಲಿನದನ್ನು ಏನೂ ಮಾಡಲ್ವಾ?

ಮರಳುದಿಣ್ಣೆ:
ಸ್ಟೊಮೆಲ್ ಮೊದಲು ಲೆಕ್ಕದಲ್ಲೇ ಹೇಳಿದ್ದರು. 1957ರಲ್ಲಿ ಸ್ವಾಲೋ ಮತ್ತು ವರ್ದಿಂಗ್ಟನ್ ಎಂಬ ಸಾಗರ ವಿಜ್ಞಾನಿಗಳು ದಕ್ಷಿಣ ಕ್ಯಾರೊಲಿನಾ ಎದುರು ಹೋಗಿ ಅಳೆದರು. ಸ್ವಾಲೋ ಅವರ ಫ್ಲೋಟ್ ಅಂದರೆ ಬಾಯಿ ಮುಚ್ಚಿದ ಅಲ್ಯೂಮಿನಿಯಂ ಕೊಳವೆ, ಅಷ್ಟೇ. ಒತ್ತಡಕ್ಕೆ ಅದು ನೀರಿಗಿಂತ ಕಡಿಮೆ ಕುಗ್ಗುತ್ತದೆ, ಹಾಗಾಗಿ ಮುಳುಗುತ್ತಾ ಹೋಗಿ ಸುತ್ತಲಿನ ನೀರು ತನ್ನಷ್ಟೇ ಸಾಂದ್ರವಾಗಿರುವ ಆಳದಲ್ಲಿ ನಿಂತುಬಿಡುತ್ತದೆ. ಒಳಗಿನ ಯಂತ್ರ ಟಿಕ್ ಟಿಕ್ ಶಬ್ದ ಕಳಿಸುತ್ತದೆ, ಹಡಗಿನವರು ಕಿವಿಗೊಟ್ಟು ಹಿಂದೆ ಹೋಗುತ್ತಾರೆ. ಮೇಲೆ ಗಲ್ಫ್ ಸ್ಟ್ರೀಮ್ ಉತ್ತರಕ್ಕೆ ಓಡುತ್ತಿದ್ದರೂ ಕೊಳವೆಗಳು ದಕ್ಷಿಣಕ್ಕೆ ಹೊರಟವು, ಸೆಕೆಂಡಿಗೆ 20 ಸೆಂ.ಮೀ.ಗಿಂತ ಕಡಿಮೆ ವೇಗದಲ್ಲಿ.

ಕೆಳಗಿನದು ಮೇಲಿನದನ್ನು ಬಿಡುವುದಿಲ್ಲ. ಕಂಪ್ಯೂಟರ್ ಮಾದರಿಗೆ ಆಳದ ಪ್ರವಾಹ ಸೇರಿಸಿದರೆ ಗಲ್ಫ್ ಸ್ಟ್ರೀಮ್ ಕರಾವಳಿ ಬಿಟ್ಟು ತಿರುಗುವ ಜಾಗ ದಕ್ಷಿಣಕ್ಕೆ ಸರಿಯುತ್ತದೆ. ಇಳಿಜಾರು, ಆಳದ ಪ್ರವಾಹ ಎರಡನ್ನೂ ಸರಿಯಾಗಿ ಹಾಕದ ಮಾದರಿಗಳಲ್ಲಿ ಆ ತಿರುವು ಹ್ಯಾಟೆರಸ್ ದಾಟಿ ತೀರ ಉತ್ತರಕ್ಕೆ ಹೋಗುವುದು ಹಳೇ ತಲೆನೋವು.