ಪದಚರ್ಚೆ: ಸ್ವೀಡಿಶ್‌ನ ‘ಊವೇದೆರ್’

ಪ್ರಶ್ನೆ: ‘ವೇದೆರ್’ ಎಂದರೆ ಹವೆ, ‘ಊ’ ನಿಷೇಧದ ಉಪಸರ್ಗ. ಹಾಗಿದ್ದರೆ ‘ಊವೇದೆರ್’ ಎಂದರೆ ‘ಹವೆಯಿಲ್ಲದ್ದು’ ಎಂದಾಗಬೇಕಲ್ಲ? ಗಾಳಿಮಳೆಯ ಅರ್ಥ ಎಲ್ಲಿಂದ ಬಂತು? ಲಿಂಗ, ವಚನ ಹೇಗೆ?

ಉತ್ತರ: ಈ ‘ಊ’ ಇಲ್ಲ ಎನ್ನುವುದಿಲ್ಲ, ಕೆಟ್ಟದ್ದು ಎನ್ನುತ್ತದೆ. ‘ಗ್ರೇಸ್’ ಹುಲ್ಲು, ‘ಊಗ್ರೇಸ್’ ಕಳೆ. ‘ವಾನಾ’ ರೂಢಿ, ‘ಊವಾನಾ’ ದುರಭ್ಯಾಸ. ಸಂಸ್ಕೃತ ವ್ಯಾಕರಣದಲ್ಲಿ ನಿಷೇಧ ಹೇಳುವ ‘ಅ’, ಅಂದರೆ ನಞ್‌ಗೆ ಹೇಳುವ ಆರು ಅರ್ಥಗಳಲ್ಲಿ ಅಪ್ರಾಶಸ್ತ್ಯವೂ (ಒಳ್ಳೆಯದಲ್ಲದ್ದು) ಒಂದಲ್ಲವೆ, ಅದೇ ಇದು. ‘ಅಕಾಲ ಮಳೆ’ಯ ಅಕಾಲವೂ ಕಾಲವೇ ಇಲ್ಲದ್ದಲ್ಲ, ಸಲ್ಲದ ಕಾಲ. ಜರ್ಮನ್ನಿನ ‘ಉನ್‌ವೆಟರ್’ ಇದರ ಒಡಹುಟ್ಟು. ಡಚ್ಚಿನ ‘ಒನ್‌ವೇರ್’ ಕೂಡ ಹೌದು, ಆದರೆ ಅದು ಗುಡುಗು-ಮಿಂಚಿಗೇ ಸೀಮಿತ.

ಬರೆಯುವುದು ‘ಓ’ ಅಕ್ಷರದಲ್ಲಾದರೂ ಉಚ್ಚಾರ ‘ಊ’. ನಪುಂಸಕ, ಹಾಗಾಗಿ ‘ಒಂದು’ ಎನ್ನಲು ‘ಎತ್ ಊವೇದೆರ್’. ‘ಎನ್’ ಹಚ್ಚಿದರೆ ತಪ್ಪು. ನಿರ್ದಿಷ್ಟ ರೂಪದಲ್ಲಿ (‘ಆ ಗಾಳಿಮಳೆ’ ಎನ್ನುವಾಗ) ನಡುವಿನ ‘ಎ’ ಬಿದ್ದುಹೋಗಿ ‘ಊವೇದ್ರೆತ್’ ಆಗುತ್ತದೆ. ಕಲಿಯುವವರು ‘ಊವೇದೆರೆತ್’ ಎಂದು ಎಡವುವುದು ಇಲ್ಲೇ. ಬಹುವಚನಕ್ಕೆ ಪ್ರತ್ಯಯವಿಲ್ಲ: ‘ತ್ವೋ ಊವೇದೆರ್’, ಎರಡು ಗಾಳಿಮಳೆ. ನಿರ್ದಿಷ್ಟ ಬಹುವಚನ ‘ಊವೇದ್ರೆನ್’. ಬರಿಯ ‘ವೇದೆರ್’ ಅನ್ನು ಸಾಮಾನ್ಯವಾಗಿ ಹೀಗೆ ಎಣಿಸುವುದಿಲ್ಲ. ಊವೇದೆರ್ ಬರುತ್ತದೆ, ಹೋಗುತ್ತದೆ, ಅದಕ್ಕೇ ಲೆಕ್ಕಕ್ಕೆ ಸಿಗುತ್ತದೆ. ಸಮಾಸದ ಪೂರ್ವಪದವಾದಾಗ ನಡುವೆ ‘ಸ್’ ಬರುತ್ತದೆ. ಸ್ಟಾಕ್‌ಹೋಮ್ ಕಡೆಯ ಬಾಯಲ್ಲಿ ‘ರ್‌ಸ್’ ಕೂಡಿ ‘ಷ್’ ಆಗಿ ‘ಊವೇದೆಷ್‌ಮೋಲ್ನ್’ ಎಂದು ಕೇಳಿಸುತ್ತದೆ. ಕಾರ್ಮೋಡ ಎಂದರ್ಥ.

‘ಸ್ತೋರ್ಮ್’ಗೆ (ಬಿರುಗಾಳಿ) ಇದನ್ನು ಪರ್ಯಾಯವಾಗಿ ಹಾಕುವುದು ಸರಿಯಲ್ಲ. ಸ್ವೀಡನ್ನಿನ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ 24.5 ಮೀಟರ್ ಮುಟ್ಟಿದರೆ ಸ್ತೋರ್ಮ್, 32.7 ಮುಟ್ಟಿದರೆ ‘ಉರ್ಕಾನ್’ (ಚಂಡಮಾರುತ). 2005ರ ಜನವರಿಯಲ್ಲಿ ದಕ್ಷಿಣ ಸ್ವೀಡನ್ನಿನ ಕಾಡು ನೆಲಕಚ್ಚಿಸಿದ ಗುದ್ರೂನ್ ‘ಸ್ತೋರ್ಮ್’ ಎಂದೇ ಪ್ರಸಿದ್ಧ. ಊವೇದೆರ್‌ಗೆ ಇಂಥ ಅಳತೆಗೋಲಿಲ್ಲ. ಹಿಮ ಸುರಿದರೆ ‘ಸ್ನೊಊವೇದೆರ್’, ಗುಡುಗಿದರೆ ‘ಓಸ್ಕೂವೇದೆರ್’. ಜಿಟಿಜಿಟಿ ಮಳೆಗೆ ಮಾತ್ರ ಈ ಪದ ಸಲ್ಲದು. ಅದು ಬರೀ ‘ದೋಲಿತ್ ವೇದೆರ್’, ಕೆಟ್ಟ ಹವೆ.

ಕನ್ನಡಕ್ಕೆ ‘ಗಾಳಿಮಳೆ’ ಬಹಳ ಕಡೆ ಒಪ್ಪುತ್ತದೆ, ಹಿಮ ಬಂದಾಗ ಕೈಕೊಡುತ್ತದೆ. ರಚನೆಯಲ್ಲಿ ಹತ್ತಿರದ್ದು ‘ದುರ್ದಿನ’. ಆದರೆ ಅಮರಕೋಶದಲ್ಲಿ ಅದು ಮೋಡ ಮುಚ್ಚಿದ ದಿನವಷ್ಟೆ, ಅಬ್ಬರ ಸಾಲದು. ಹಿಮದ ಕಡೆ ‘ಹಿಮಬಿರುಗಾಳಿ’ ಎಂದು ಬಿಡಿಸಿ ಬರೆಯುವುದೇ ಮೇಲು. ಜಗಳದ ಮುನ್ಸೂಚನೆಯಾಗಿ ‘ದೆ ದ್ರಾರ್ ಇಹೂಪ್ ಸೇ ತಿಲ್ ಊವೇದೆರ್’ ಎಂದಿದ್ದರೆ ‘ಮೋಡ ಕಟ್ಟುತ್ತಿದೆ’ ಎಂದರೆ ಸಾಕು.